"ವೈಟ್ ಟೀಕ್" ಅಂತ ದುಡ್ಡು ಕೊಟ್ಟು ತಂದ ಶಿವನೆ ಗಿಡ: ಹನ್ನೆರಡು ವರ್ಷ ಆದ್ಮೇಲೆ ಬರೀತಿರೋ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಮರಕ್ಕೆ ಐದರಲ್ಲಿ ನಾಲ್ಕು ಸ್ಟಾರ್, ಅದನ್ನ ನಂಗೆ ಮಾರಿದ ನರ್ಸರಿಗೆ ಒಂದು. ಆ ಒಂದೂ ಯಾಕೆ ಅಂದ್ರೆ ಅವತ್ತು ಅವರು ಕೊಟ್ಟ ಚಾ ಚೆನ್ನಾಗಿತ್ತು. ನರ್ಸರಿ ಹೆಸರು ಹಾಕಲ್ಲ, ಅಷ್ಟು ವರ್ಷ ಆಯ್ತು, ಈಗ ಮಗ ನಡೆಸ್ತಿದಾನಂತೆ, ಅವನಿಗೂ ನಂಗೂ ಏನು ಜಗಳ ಇಲ್ಲ. ಆದ್ರೆ ಅಲ್ಲಿ ನೋಡಿದ ಬೋರ್ಡನ್ನೇ ಮೊನ್ನೆ ಪೇಟೆಲಿ ಇನ್ನೊಂದು ಗಿಡದ ಅಂಗಡಿ ಮುಂದೆ ನೋಡ್ದೆ, ಅಕ್ಷರ ಕೂಡ ಹೆಚ್ಚುಕಮ್ಮಿ ಅದೇ, "ವೈಟ್ ಟೀಕ್, ನೆರಳು ನಾಟಾ ಜೇನು ಮೂರೂ ಒಂದೇ ಮರದಲ್ಲಿ, ಬೇಗ ಬೆಳೆಯುವ ಹಾರ್ಡ್‌ವುಡ್", ನೋಡಿ ಹೊಟ್ಟೆ ಉರೀತು, ಅದಕ್ಕೆ ಇದನ್ನ ಬರೀತಿದೀನಿ.

ನಮ್ದು ಸೊರಬ ತಾಲ್ಲೂಕು. ಎರಡು ಎಕರೆ ಅಡಿಕೆ ತೋಟ, ಅದರ ತಲೆ ಮೇಲೆ ಒಂದೂವರೆ ಎಕರೆ ಬ್ಯಾಣ. ಬ್ಯಾಣ ಖಾಲಿ ಬಿದ್ದಿತ್ತು, ದನ ಮೇಯೋದು ಬಿಟ್ರೆ ಏನೂ ಇಲ್ಲ. ತಮ್ಮ ಅಕೇಶಿಯಾ ಹಾಕೋಣ ಅಂದ, ಏಳೆಂಟು ವರ್ಷಕ್ಕೆ ಕಡಿದು ಮಾರಿ ಕೈತೊಳ್ಕೊಳ್ಳೋಣ ಅಂತ. ನಂಗೆ ಅಕೇಶಿಯಾ ಕಂಡ್ರೆ ಆಗಲ್ಲ, ಅದರ ದರಗು ಬಿದ್ದ ಕಡೆ ವರ್ಷಗಟ್ಲೆ ಕೊಳೆಯಲ್ಲ, ಹುಲ್ಲು ಏಳಲ್ಲ, ದನ ಬಾಯಿ ಹಾಕಲ್ಲ, ಮಗ್ಗುಲ ತೋಟದೋರ ಹತ್ರ ನೀರಿನ ವಿಷಯಕ್ಕೆ ಬೈಸ್ಕೊಳ್ಳೋದು ಬೇರೆ. ನಂಗೆ ಬೇಕಾಗಿದ್ದು ಮೂರು. ತೋಟಕ್ಕೆ ಪಶ್ಚಿಮ ಮತ್ತೆ ನೈಋತ್ಯದ ಕಡೆಯಿಂದ ಬೇಸಿಗೆ ಬಿಸಿಲು ಹೊಡೆದು ಅಂಚಿನ ಅಡಿಕೆ ಮರದ ಕಾಂಡ ಸುಟ್ಟು ಸೀಳ್ತಾ ಇತ್ತು, ಅದಕ್ಕೊಂದು ಮರೆ ಆಗ್ಬೇಕು. ಮನೆಗೆ ಬೇಕಾದ ಮರ ಮನೆಲೇ ಸಿಗ್ಬೇಕು. ಮತ್ತೆ ಆಗಷ್ಟೇ ನಾಲ್ಕು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೆ, ಅದಕ್ಕೆ ಹೂವು ಬೇಕು. ಇಂಥ ಗಿರಾಕಿಗೆ ಆ ಬೋರ್ಡ್ ಕಂಡ್ರೆ ಏನಾಗುತ್ತೆ ನೀವೇ ಹೇಳಿ.

2013ರ ಜೂನ್, ಮಳೆ ಹಿಡಿಯೋಕೆ ಎರಡು ದಿನ ಮುಂಚೆ. ಗಿಡಕ್ಕೆ 60 ರೂಪಾಯಿ. ನಾನು "ಇದೇನ್ರೀ ಇಷ್ಟು ರೇಟು" ಅಂದೆ. "ಸಾರ್ ಇದು ಹೈಬ್ರಿಡ್, ತಮಿಳುನಾಡಿಂದ ತರಿಸಿದ್ದು, ಸಾಗವಾನಿ ಜಾತಿನೇ ಆದ್ರೆ ಮೂರು ಪಟ್ಟು ಸ್ಪೀಡು, ಪ್ಯೂರ್ ಹಾರ್ಡ್‌ವುಡ್" ಅಂದ್ರು ಯಜಮಾನ್ರು. ಅರವತ್ತು ಗಿಡ ತಗೊಂಡೆ, 3,600 ರೂಪಾಯಿ, ಗಾಡಿ ಬಾಡಿಗೆ ಬೇರೆ.

ಮನೆ ಅಂಗಳದಲ್ಲಿ ಇಳಿಸ್ತಿದ್ದಂಗೆ ಅಪ್ಪಯ್ಯ ಕವಳ ಹಾಕ್ಕೊಂಡು ಬಂದು ಒಂದು ಎಲೆ ಕಿತ್ತು ನೋಡಿದ್ರು, ವೀಳ್ಯದೆಲೆ ತರ ಹೃದಯದ ಆಕಾರ, ಹಿಂಬದಿ ಸ್ವಲ್ಪ ಬೂದಿ ಬಣ್ಣ. "ಎಂತದೋ ಇದು, ಶಿವನೆ ಗಿಡ ಅಲ್ದೇನೋ?" ಅಂದ್ರು. ನಾನು ವೈಟ್ ಟೀಕ್ ಅಂದೆ. "ನೀ ಯಾವ ಟೀಕ್ ಅಂತಾದ್ರೂ ಅನ್ನು, ಬ್ಯಾಣದ ಆಚೆ ಹಳ್ಳದ ದಂಡೆ ಮೇಲೆ ಎರಡು ದೊಡ್ಡ ಮರ ಇದೆ, ವರ್ಷಾ ವರ್ಷ ಜಿಂಕೆ ಬಂದು ಹಣ್ಣು ತಿಂತವೆ, ಅದರ ಬುಡದಲ್ಲಿ ಹುಟ್ಟಿದ ಗಿಡನ ನಾವು ಕತ್ತಿಲಿ ಸವರಿ ಬಿಸಾಕ್ತಿದ್ವಿ. ಅದಕ್ಕೆ ದುಡ್ ಕೊಟ್ ತಂದ್ಯಾ?" ಅಂತ ಕೇಳಿದ್ರು. ಮರುದಿನ ಹೋಗಿ ಹಳ್ಳದ ದಂಡೆ ಮರದ ಎಲೆ ತಂದು ಪಕ್ಕ ಇಟ್ಟು ನೋಡ್ದೆ. ಅದೇ. ಕೂದಲೆಳೆ ವ್ಯತ್ಯಾಸ ಇಲ್ಲ.

ಇದೇ ಮರನ ತಮಿಳ್ರು ಕುಮಿಳ್ ಅಂತಾರೆ, ಹಿಂದಿಯೋರು ಗಮ್ಹಾರ್ ಅಂತಾರೆ, ಆಯುರ್ವೇದದ ಪಂಡಿತರು ಗಂಭಾರಿ ಅಥವಾ ಕಾಶ್ಮರಿ ಅಂತಾರೆ, ದಶಮೂಲಾರಿಷ್ಟ ಬಾಟಲಿ ಮನೇಲಿದ್ರೆ ಚೀಟಿ ಓದಿ, ಹತ್ತು ಬೇರಲ್ಲಿ ಇದರದ್ದೂ ಒಂದು. ಸಸ್ಯಶಾಸ್ತ್ರದಲ್ಲಿ ಗ್ಮೆಲಿನಾ ಆರ್ಬೋರಿಯಾ, ಗ್ಮೆಲಿನ್ ಅಂತ ಒಬ್ಬ ಜರ್ಮನ್ ವಿಜ್ಞಾನಿ ಹೆಸರು ಅದು, ಪಾಪ ಅವನು ನಮ್ಮ ಬ್ಯಾಣ ನೋಡಿದೋನಲ್ಲ. ಪೇಟೆ ಇಂಗ್ಲಿಷಲ್ಲಿ ವೈಟ್ ಟೀಕ್ ಅನ್ನೋದು ನಿಜ, ಸಾಗವಾನಿಗೂ ಇದಕ್ಕೂ ಕುಟುಂಬ ಒಂದೇ ಅನ್ನೋದೂ ನಿಜ, ಆದ್ರೆ ಆ ಕುಟುಂಬದಲ್ಲಿ ಈಗ ತುಳಸಿನೂ ಇದೆ, ಹಂಗಂತ ತುಳಸಿ ಕಟ್ಟೆಲಿ ಬೆಳೆದಿದ್ದನ್ನ ಮಿನಿ ಟೀಕ್ ಅಂತ ಮಾರೋಕಾಗುತ್ತಾ?

ಹಾರ್ಡ್‌ವುಡ್ ಅನ್ನೋ ಮಾತಿಗೂ ಹಂಗೇ ಮೋಸ ಹೋದೆ. ನಾನು ಗಟ್ಟಿ ಮರ ಅಂತ ತಿಳ್ಕೊಂಡಿದ್ದೆ, ಮತ್ತಿ ತರ, ಹೊನ್ನೆ ತರ. ಆಮೇಲೆ ಗೊತ್ತಾಯ್ತು, ಅಗಲ ಎಲೆ ಮರಗಳಿಗೆಲ್ಲ ಹಾರ್ಡ್‌ವುಡ್ ಅಂತಾನೇ ಕರೀತಾರೆ, ಪೈನ್ ತರ ಸೂಜಿ ಎಲೆದು ಸಾಫ್ಟ್‌ವುಡ್, ಅಷ್ಟೇ ಲೆಕ್ಕ. ಆ ಲೆಕ್ಕದಲ್ಲಿ ಉಗುರಲ್ಲಿ ಒತ್ತಿದ್ರೆ ಗುರುತು ಬೀಳೋ ಬೂರುಗನೂ ಹಾರ್ಡ್‌ವುಡ್ಡೇ. ಶಿವನೆ ಹಗುರ ಮರ. ಹಗುರ ಅನ್ನೋದು ಬೈಗುಳ ಅಲ್ಲ, ಮುಂದೆ ಹೇಳ್ತೀನಿ.

ಸಿಟ್ಟು ಬಂದು ಅದೇ ವಾರ ಅರಣ್ಯ ಇಲಾಖೆ ನರ್ಸರಿಗೆ ಹೋಗಿ ಕೇಳ್ದೆ, "ಶಿವನೆ ಇದ್ಯಾ?" ಅಂತ. ಇತ್ತು. ಮೂಲೆಲಿ, ಸಾಗವಾನಿ ಸಿಲ್ವರ್ ಓಕ್ ಹಿಂದೆ, ಯಾರೂ ಕೇಳೋರಿಲ್ಲದೆ. ಅಲ್ಲಿ ನಲವತ್ತು ಗಿಡಕ್ಕೆ ಒಟ್ಟು ಕೊಟ್ಟ ದುಡ್ಡಲ್ಲಿ ಆ ಕಡೆ ನಾಲ್ಕು ಗಿಡ ಬರ್ತಿರ್ಲಿಲ್ಲ. ಗಿಡ ಸಣ್ಣವು, ಒಂದೊಂದು ಅಡಿ ಅಷ್ಟೆ, ಆ ವರ್ಷದ್ದೇ ಬೀಜದ್ದು. ಖಾಸಗಿ ನರ್ಸರಿದು ಎರಡೂವರೆ ಮೂರಡಿ ಎತ್ತರ, ಕಾಂಡ ಬೆರಳು ದಪ್ಪ, ನೋಡೋಕೆ ರಾಜಕುಮಾರ. ಈ ಎತ್ತರದ ಕತೆ ಆರು ವರ್ಷ ಆದ್ಮೇಲೆ ಗೊತ್ತಾಗಿದ್ದು.

ಗುಂಡಿ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಹತ್ತಡಿ, ಬುಡಕ್ಕೆ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ. ಬೆಳವಣಿಗೆ ವಿಷಯದಲ್ಲಿ ಬೋರ್ಡ್ ಸುಳ್ಳು ಹೇಳಿರ್ಲಿಲ್ಲ. ಮೊದಲ ಮಳೆಗಾಲ ಮುಗಿಯೋದ್ರೊಳಗೆ ನನ್ನ ಎದೆ ಮಟ್ಟ, ಎರಡನೇ ವರ್ಷ ತಲೆ ಮೇಲೆ, ಮೂರನೇ ವರ್ಷಕ್ಕೆ ಹದಿನೈದಡಿ ದಾಟಿದ್ವು ಒಳ್ಳೆ ಜಾಗದಲ್ಲಿರೋವು. ಅದೇ ವರ್ಷ ಮನೆ ಹಿಂದೆ ಹಾಕಿದ ಸಾಗವಾನಿ ಅದರ ಅರ್ಧ ಇರ್ಲಿಲ್ಲ. ಆದ್ರೆ ಮೊದಲ ಎರಡು ವರ್ಷ ಬೇಲಿ ಗಟ್ಟಿ ಇರ್ಬೇಕು, ಶಿವನೆ ಸೊಪ್ಪು ಅಂದ್ರೆ ದನಕ್ಕೆ ಹೋಳಿಗೆ ಇದ್ದಂಗೆ, ಜಿಂಕೆಗೂ ಅಷ್ಟೇ. ಒಂದ್ ದಿನ ಬೇಲಿ ದಣಪೆ ಹಾಕೋದು ಮರೆತು ಪಕ್ಕದ ಮನೆ ಎಮ್ಮೆ ನುಗ್ಗಿ ಹನ್ನೊಂದು ಗಿಡದ ತಲೆ ಚಿವುಟಿ ಹೋಯ್ತು. ಸಾಯ್ಲಿಲ್ಲ, ಆದ್ರೆ ಎರಡೆರಡು ಕವಲು ಹೊಡೆದು ನಾಟಾ ಲೆಕ್ಕಕ್ಕೆ ಕೆಟ್ಟೋದ್ವು.

"ಒಳ್ಳೆ ಜಾಗ" ಅಂದೆ ನೋಡಿ, ಅದೇ ಇದರ ಇಡೀ ಗುಟ್ಟು. ನಮ್ಮ ಬ್ಯಾಣದ ಕೆಳಗಿನ ಅರ್ಧ ತೋಟಕ್ಕೆ ತಾಗಿ ಆಳ ಮಣ್ಣು, ನೀರು ನಿಲ್ಲಲ್ಲ ಆದ್ರೆ ತಂಪು ಇರುತ್ತೆ. ಮೇಲಿನ ಅರ್ಧ ಜಂಬಿಟ್ಟಿಗೆ, ಹಾರೆ ಹಾಕಿದ್ರೆ ಟಣ್ ಅನ್ನುತ್ತೆ. ಗಿಡ ಒಂದೇ, ಹಾಕಿದ ದಿನ ಒಂದೇ, ಈಗ ಹನ್ನೆರಡು ವರ್ಷಕ್ಕೆ ಕೆಳಗಿನ ಮರಗಳು ಎದೆ ಎತ್ತರದಲ್ಲಿ ಸುತ್ತಳತೆ ಮೂರಡಿ ಮೇಲೆ, ಮೇಲಿನವು ಒಂದೂವರೆ ಅಡಿಗೆ ನಿಂತಿವೆ, ಕೆಲವು ತುದಿ ಒಣಗ್ತಾ ಇವೆ. ಇದರಲ್ಲಿ ನಾನೊಬ್ನೇ ಪೆದ್ದ ಅಲ್ಲ ಅಂತ ಸಮಾಧಾನ ಮಾಡ್ಕೊಳ್ಳೋಕೆ ಒಂದು ಕತೆ ಇದೆ. ಡೇನಿಯಲ್ ಲುಡ್ವಿಗ್ ಅಂತ ಅಮೆರಿಕದ ದೊಡ್ಡ ಶ್ರೀಮಂತ, ಹಡಗಿನ ವ್ಯಾಪಾರಿ, 1967ರಲ್ಲಿ ಬ್ರೆಜಿಲ್‌ನ ಜರಿ ನದಿ ಹತ್ರ ಅಮೆಜಾನ್ ಕಾಡು ಖರೀದಿ ಮಾಡಿ, ಕಡಿದು, ಕಾಗದದ ತಿರುಳಿಗೆ ಅಂತ ಇದೇ ನಮ್ಮ ಶಿವನೆನ ಸಾಲು ಸಾಲು ನೆಡ್ಸಿದ. ತಿರುಳಿನ ಕಾರ್ಖಾನೆನ ಜಪಾನಲ್ಲಿ ಕಟ್ಟಿಸಿ ಸಮುದ್ರದ ಮೇಲೆ ತೇಲಿಸ್ಕೊಂಡು 1978ರಲ್ಲಿ ಅಲ್ಲಿಗೆ ಎಳೆಸ್ದ, ಅಷ್ಟು ದುಡ್ಡು. ಮರಳು ಮಣ್ಣಿದ್ದ ಕಡೆ ಶಿವನೆ ಏಳ್ಲೇ ಇಲ್ಲ, ಅಲ್ಲಿಗೆಲ್ಲ ಪೈನು ನೀಲಗಿರಿ ಹಾಕ್ಬೇಕಾಯ್ತು, ಕಡೆಗೆ 80ರ ದಶಕದ ಶುರುವಲ್ಲಿ ನಷ್ಟಕ್ಕೆ ಎಲ್ಲ ಬಿಟ್ಟು ಹೋದ. ಅವನ ಹತ್ರ ಹೆಲಿಕಾಪ್ಟರ್ ತಗೊಳ್ಳೋಷ್ಟು ದುಡ್ಡಿತ್ತು, ಒಂದು ಹಾರೆ ತಗೊಂಡು ನಾಲ್ಕು ಕಡೆ ಗುಂಡಿ ತೋಡಿ ನೋಡಿದ್ರೆ ಸಾಕಿತ್ತೇನೋ ಅನ್ಸುತ್ತೆ. ನಂಗೂ ಸಾಕಿತ್ತು.

ಈಗ ನರ್ಸರಿಗೆ ಯಾಕೆ ಒಂದು ಸ್ಟಾರ್ ಅಂದ್ರೆ. ರೇಟು ಜಾಸ್ತಿ ತಗೊಂಡಿದ್ದಕ್ಕಲ್ಲ, ಅದು ನನ್ನ ದಡ್ಡತನ. 2019ರ ಆಗಸ್ಟ್ ಮಳೆ ನೆನಪಿರ್ಬೇಕು ಮಲೆನಾಡಿನೋರಿಗೆ, ಹಗಲು ರಾತ್ರಿ ಸುರಿದಿದ್ದು. ಆ ವಾರ ಒಂದು ಬೆಳಿಗ್ಗೆ ಬ್ಯಾಣಕ್ಕೆ ಹೋದ್ರೆ ಒಂಬತ್ತು ಮರ ಮಲಗಿದ್ವು, ಇಪ್ಪತ್ತೈದಡಿ ಮರಗಳು. ಬುಡ ನೋಡಿ ನಂಗೆ ಕಣ್ಣೇ ನಂಬಕ್ಕಾಗ್ಲಿಲ್ಲ, ಬೇರು ಹೊರಗೆ ಹರಡೇ ಇಲ್ಲ, ತಾಯಿಬೇರು ಹಾವು ಸುತ್ಕೊಂಡಂಗೆ ಸುತ್ಕೊಂಡು ಸುತ್ಕೊಂಡು ಒಂದು ಗಂಟಾಗಿತ್ತು, ಆ ಗಂಟಿನ ಆಕಾರ ಸರಿಯಾಗಿ ನರ್ಸರಿಯ ಪ್ಲಾಸ್ಟಿಕ್ ಚೀಲದ್ದು, ಆರು ವರ್ಷ ಆದ್ರೂ. ಅಂದ್ರೆ ಅವು ಸಣ್ಣ ಚೀಲದಲ್ಲಿ ಎರಡು ವರ್ಷನೋ ಮೂರು ವರ್ಷನೋ ಮಾರಾಟ ಆಗ್ದೇ ನಿಂತ ಗಿಡಗಳು, ಅದಕ್ಕೇ ಬೆರಳು ದಪ್ಪ, ಅದಕ್ಕೇ ಮೂರಡಿ. ಒಂಬತ್ತಕ್ಕೆ ಒಂಬತ್ತೂ ಆ 60 ರೂಪಾಯಿ ಗಿಡಗಳೇ. ಇಲಾಖೆ ನರ್ಸರಿದು ಒಂದೂ ಬಿದ್ದಿರ್ಲಿಲ್ಲ.

ಫೋನ್ ಮಾಡಿ ಹೇಳ್ದೆ. "ಗಾಳಿಗೆ ಬಿದ್ರೆ ನಾವೇನ್ ಮಾಡೋದು ಸಾರ್, ಗಾಳಿಗೆ ಗ್ಯಾರಂಟಿ ಕೊಟ್ಟಿದ್ವಾ" ಅಂದ್ರು. ಉತ್ತರ ಇಲ್ಲ ನನ್ ಹತ್ರ. ಅದಕ್ಕೇ ಗಿಡ ತಗೊಳ್ಳೋರಿಗೆ ಒಂದೇ ಮಾತು, ಎತ್ತರ ನೋಡ್ಬೇಡಿ, ಚೀಲದ ತಳ ನೋಡಿ, ಬೇರು ತೂತಿಂದ ಹೊರಗೆ ಬಂದು ನೆಲಕ್ಕೆ ಇಳಿದಿದ್ರೆ ಅಥವಾ ಒಂದು ಗಿಡ ಬಿಚ್ಚಿ ನೋಡಿದಾಗ ಬೇರು ಗೋಡೆಗೆ ಸುತ್ತಿದ್ರೆ ಪುಕ್ಕಟೆ ಕೊಟ್ರೂ ಬೇಡ. ಬಿಚ್ಚಿ ತೋರಿಸಲ್ಲ ಅಂತ ಅಂದ್ರೆ ಅಲ್ಲೇ ಉತ್ತರ ಸಿಕ್ತು ಅಂತ ಲೆಕ್ಕ.

ನೆರಳು. ಬೋರ್ಡಲ್ಲಿ ಮೊದಲನೇ ಪದ, ನನ್ನ ರಿವ್ಯೂಲಿ ಕೊನೇ ಮಾರ್ಕು, ಐದರಲ್ಲಿ ಎರಡು. ಮೇ ಕೊನೆಯಿಂದ ಡಿಸೆಂಬರ್ ತನಕ ಎಂಥ ನೆರಳು ಅಂದ್ರೆ ದನ ಬಿಟ್ಟು ಎದ್ದು ಬರಲ್ಲ, ಎಲೆ ಅಗಲ, ಹಂದರ ದಟ್ಟ. ಆದ್ರೆ ಮಳೆಗಾಲದಲ್ಲಿ ಯಾರಿಗೆ ಬೇಕು ಸ್ವಾಮಿ ನೆರಳು? ಜನವರಿ ಬಂತು ಅಂದ್ರೆ ಎಲೆ ಹಳದಿ ಆಗಿ ಉದುರೋಕೆ ಶುರು, ಫೆಬ್ರವರಿಲಿ ಬರೀ ಕೋಲು. ಅಡಿಕೆ ಮರ ಸುಡೋದು ಯಾವಾಗ, ಅದೇ ಟೈಮು. ನಾನು ತೋಟದ ನೈಋತ್ಯಕ್ಕೆ ಸಾಲಾಗಿ ಹಾಕಿದ್ದೆನಲ್ಲ, ಮೊದಲ ಐದಾರು ವರ್ಷ ಬೇಸಿಗೆಲಿ ಆ ಸಾಲಿನ ಮಧ್ಯದಿಂದ ಸೂರ್ಯ ಜರಡಿಲಿ ಸೋಸಿದಂಗೆ ಬಂದು ಅದೇ ಅಂಚಿನ ಮರಗಳಿಗೇ ಹೊಡೀತಿದ್ದ, ಮತ್ತೆ ಸೋಗೆ ಕಟ್ಟೋ ಕೆಲಸ ತಪ್ಲಿಲ್ಲ. ಆಮೇಲೆ ಆ ಸಾಲಿನ ಒಳಬದಿಗೆ ಹೊಂಗೆ ಹಾಕ್ದೆ. ಹೊಂಗೆನೂ ಎಲೆ ಉದುರಿಸುತ್ತೆ, ಆದ್ರೆ ಯುಗಾದಿ ಹೊತ್ತಿಗೆ ಫಳಫಳ ಅಂತ ಹೊಸ ಚಿಗುರು ಹೊತ್ಕೊಂಡಿರುತ್ತೆ, ಬೇಸಿಗೆ ನೆರಳು ಅಂದ್ರೆ ಅದರದ್ದೇ. ಶಿವನೆ ಮನೆ ಮುಂದೆ ನೆರಳಿಗೆ ಅಂತ ಹಾಕೋರು ಇನ್ನೊಂದು ಸಲ ಯೋಚನೆ ಮಾಡಿ. ಅಂಗಳದಲ್ಲಾದ್ರೆ ಜನವರಿ ಪೂರ್ತಿ ಗುಡಿಸ್ತಾನೇ ಇರ್ಬೇಕು, ನಮ್ಮನೇಲಿ ಆ ಕೆಲಸ ಯಾರ್ ಮಾಡ್ತಾರೆ ಅಂತ ನಾನು ಬರೆಯಲ್ಲ, ಓದಿದ್ರೆ ಬೈಸ್ಕೋಬೇಕಾಗುತ್ತೆ. ದರಗು ಮಾತ್ರ ಒಳ್ಳೇದು, ಕೊಟ್ಟಿಗೆಗೆ ಹಾಸಿದ್ರೆ ಬೇಗ ಕೊಳೀತದೆ.

ಜೇನಿನ ವಿಷಯಕ್ಕೆ ಬರ್ತೀನಿ, ನಂಗೆ ಇದೇ ಇಷ್ಟದ್ದು. ಎಲೆ ಎಲ್ಲ ಉದುರಿ ಮರ ಬೋಳಾಗಿ ನಿಂತಾಗ, ಫೆಬ್ರವರಿ ಮಾರ್ಚಲ್ಲಿ, ತುದಿ ತುದಿಗೆ ಹೂವು ಬಿಡುತ್ತೆ. ಹೊರಗೆ ಕಂದು, ಒಳಗೆ ಅರಿಶಿನ ಹಳದಿ, ಬಾಯಿ ಅಗಲ ಮಾಡಿ ಆಕಳಿಸ್ತಿರೋ ತರ ಹೂವು. ಬೆಳಿಗ್ಗೆ ಮರದ ಕೆಳಗೆ ಹೋದ್ರೆ ನೆಲ ಪೂರ್ತಿ ಹಳದಿ, ಮೇಲೆ ಗುಯ್ ಅಂತ ಒಂದು ಸದ್ದು. ಮೊದಲ ಗಿರಾಕಿ ದುಂಬಿ, ಆ ಕಪ್ಪು ದಪ್ಪ ಮರ ಕೊರೆಯೋ ದುಂಬಿ, ಅದು ಕೂತ್ರೆ ಹೂವು ಗೊಂಚಲ ಸಮೇತ ಬಾಗುತ್ತೆ. ಹೆಜ್ಜೇನೂ ಬರುತ್ತೆ. ನಮ್ಮ ತುಡುವೆ ಹೂವಿನ ಒಳಗೆ ಪೂರ್ತಿ ನುಗ್ಗಿ ಬೆನ್ನಿಗೆಲ್ಲ ಪರಾಗ ಬಳ್ಕೊಂಡು ವಾಪಸ್ ಬರೋದನ್ನ ಪೆಟ್ಟಿಗೆ ಬಾಗಿಲಲ್ಲಿ ಕೂತು ನೋಡ್ಬೇಕು, ಅರಿಶಿನ ಶಾಸ್ತ್ರ ಮುಗಿಸಿ ಬಂದ ಮದುಮಗಳ ತರ.

ಆದ್ರೆ "ಶಿವನೆ ಜೇನು" ಅಂತ ಬಾಟಲಿಗೆ ಲೇಬಲ್ ಹಚ್ಚೋ ಆಸೆ ಇದ್ರೆ ಬಿಡಿ. ಎಂಬತ್ತು ಮರ ಒಂದು ಪೆಟ್ಟಿಗೆಯ ಎರಿ ತುಂಬ್ಸೋಷ್ಟು ಜೇನುತುಪ್ಪ ಕೊಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅವರು ಪೆಟ್ಟಿಗೆ ತೆರೆದವರಲ್ಲ. ತುಡುವೆ ಹೆಚ್ಚು ದೂರ ಹೋಗಲ್ಲ, ಹೆಚ್ಚು ಅಂದ್ರೆ ಒಂದು ಕಿಲೋಮೀಟರ್ ಆಸುಪಾಸು, ಆ ಸುತ್ತಳತೆಲಿ ಏನೇನಿದೆಯೋ ಎಲ್ಲ ಬೆರೆತದ್ದೇ ತುಪ್ಪ. ಹನ್ನೆರಡು ವರ್ಷದಲ್ಲಿ ನಾನು ಕಂಡ್ಕೊಂಡಿದ್ದು ಬೇರೆ, ಶಿವನೆಯ ಹೂವು ಮನುಷ್ಯರಿಗೆ ತುಪ್ಪ ಕೊಡೋದಲ್ಲ, ಜೇನಿಗೆ ಸಂಸಾರ ಬೆಳೆಸೋಕೆ ಊಟ ಕೊಡೋದು. ಚಳಿ ಮುಗಿದು ಕುಟುಂಬ ಸಣ್ಣದಾಗಿರುತ್ತೆ, ರಾಣಿ ಮೊಟ್ಟೆ ಇಡೋಕೆ ಜೋರು ಮಾಡ್ಬೇಕು ಅಂದ್ರೆ ಹೊರಗಿಂದ ಪರಾಗ ಮಕರಂದ ಬರ್ತಾ ಇರ್ಬೇಕು. ಆ ಫೆಬ್ರವರಿ ಮಾರ್ಚ್ ಊಟ ಸರಿ ಸಿಕ್ಕಿದ್ರೆ ಏಪ್ರಿಲ್ ಮೇಲಿ ನೇರಳೆ, ಹೊಂಗೆ ಹೂವು ಬಂದಾಗ ದುಡಿಯೋ ಕೈ ಜಾಸ್ತಿ ಇರುತ್ತೆ, ತುಪ್ಪ ಆಗೋದು ಆಗ. ಶಿವನೆ ಹೂ ಬಿಡೋ ವಯಸ್ಸಿಗೆ ಬರೋ ಮುಂಚೆ ನಾನು ಜನವರಿಲಿ ಸಕ್ಕರೆ ಪಾಕ ಇಡೋಕೆ ಶುರು ಮಾಡಿದ್ರೆ ಮಾರ್ಚ್ ತನಕ ಇಡ್ತಿದ್ದೆ, ಈಗ ಫೆಬ್ರವರಿ ಮಧ್ಯಕ್ಕೆ ನಿಲ್ಲಿಸ್ತೀನಿ. ವರ್ಷಕ್ಕೆ ಒಂದು ಪೆಟ್ಟಿಗೆಗೆ ಮೂರು ಕೆಜಿ ಬರ್ತಿದ್ದಿದ್ದು ಈಗ ಐದು ಬರೋದುಂಟು, ಅದರಲ್ಲಿ ಶಿವನೆ ಪಾಲೆಷ್ಟು ನನ್ನ ಕೈ ಪಳಗಿದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳೋಕಾಗಲ್ಲ. ಜೇನಿಗೆ ಮೂರೂವರೆ ಕೊಡ್ತೀನಿ.

ಅಪ್ಪಯ್ಯ ಮಾತ್ರ ಜೇನಿನ ಸುದ್ದಿಗೆ ಬರಲ್ಲ. ಅವರ ಕಾಲದಲ್ಲಿ ಮನೇಲಿ ಹನ್ನೆರಡು ಪೆಟ್ಟಿಗೆ ಇತ್ತು, 90ರ ದಶಕದ ಶುರುವಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂತಲ್ಲ, ಮರಿಹುಳ ಎಲ್ಲ ನೀರು ತುಂಬಿದ ಚೀಲದಂಗೆ ಆಗಿ ಸಾಯೋದು, ದಕ್ಷಿಣದ ತುಡುವೆ ಕುಲಾನೇ ಗುಡಿಸ್ಕೊಂಡು ಹೋಯ್ತು, ಆವಾಗ ಹನ್ನೆರಡೂ ಖಾಲಿ. ಆ ಪೆಟ್ಟಿಗೆಗಳು ಅಟ್ಟದ ಮೇಲೆ ಇಪ್ಪತ್ತು ವರ್ಷ ಬಿದ್ದಿದ್ವು. ಅವನ್ನ ಇಳಿಸಿ ನೋಡಿದಾಗಲೇ ನಂಗೆ ನಾಟಾ ವಿಷಯದಲ್ಲಿ ಒಂದು ಪಾಠ ಸಿಕ್ಕಿದ್ದು, ಕೆಲವು ಪೆಟ್ಟಿಗೆ ಹಲಗೆ ಸೊಟ್ಟ ಆಗಿ ಮುಚ್ಚಳ ಕೂರ್ತಿರ್ಲಿಲ್ಲ, ಎರಡು ಪೆಟ್ಟಿಗೆ ಮಾತ್ರ ನಿನ್ನೆ ಮಾಡಿದಂಗೆ ನೇರ ಇದ್ವು, ಬಣ್ಣ ತಿಳಿ ಹಳದಿ. "ಅವೆರಡು ಶಿವನೆದು" ಅಂದ್ರು ಅಪ್ಪಯ್ಯ ಜಗಲಿ ಮೇಲಿಂದಾನೇ, ತಿರುಗೂ ನೋಡದೆ.

ಹಗುರ ಅನ್ನೋದು ಬೈಗುಳ ಅಲ್ಲ ಅಂದಿದ್ದು ಇದಕ್ಕೇ. ಹಿಂದೆ ನೊಗಕ್ಕೆ ಶಿವನೆ ಹುಡುಕ್ತಿದ್ರಂತೆ, ಎತ್ತಿನ ಹೆಗಲಿಗೆ ಭಾರ ಆಗಬಾರದು, ಸೀಳಲೂಬಾರದು. ಸಾಗವಾನಿಗಿಂತ ಹಗುರ, ಆದ್ರೆ ಒಣಗಿದ ಮೇಲೆ ಹಿಗ್ಗಲ್ಲ ಕುಗ್ಗಲ್ಲ, ಸೊಟ್ಟ ಆಗಲ್ಲ. ಮಲೆನಾಡಿನ ಮಳೆಗಾಲದಲ್ಲಿ ಬಾಗಿಲು ಹಿಗ್ಗಿ ಕಾಲಲ್ಲಿ ಒದ್ದು ತೆಗೆಯೋರಿಗೆ ಇದರ ಬೆಲೆ ಗೊತ್ತಾಗುತ್ತೆ.

2023ರಲ್ಲಿ, ಹತ್ತು ವರ್ಷ ಆದಾಗ, ಒತ್ತಾಗಿದ್ದ ಕಡೆ ನಾಲ್ಕು ಮರ ಕಡಿಸ್ದೆ. ಮುಂಚೆ ಒಂದು ವಿಷಯ, ನಮ್ಮ ಜಾಗದ ನಮ್ಮ ಮರ ಅಂತ ಕೊಡಲಿ ಎತ್ಕೊಂಡು ಹೋಗೋಕಾಗಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವಲಯ ಅರಣ್ಯ ಕಚೇರಿಗೆ ಹೋಗಿ ಕೇಳ್ಕೊಂಡು ಅರ್ಜಿ ಕೊಟ್ಟೇ ಮುಂದುವರೀಬೇಕು. ನೆಟ್ಟ ವರ್ಷವೇ ಪಹಣಿಲಿ ಮರಗಳನ್ನ ನಮೂದು ಮಾಡ್ಸಿದ್ರೆ ಆಮೇಲೆ ಓಡಾಟ ಕಮ್ಮಿ. ನಾನು ಮಾಡ್ಸಿರ್ಲಿಲ್ಲ, ಓಡಾಡ್ದೆ.

ಒಬ್ಬ ವ್ಯಾಪಾರಿ ಬಂದಿದ್ದ, ಮರ ಸುತ್ತ ಒಂದು ಸುತ್ತು ಹಾಕಿ "ಇದು ಜಂಗಲ್ ವುಡ್ ಸಾರ್, ಸೌದೆ ರೇಟಲ್ಲಿ ಕೊಡಿ" ಅಂದ. ನಾನು "ವೈಟ್ ಟೀಕ್ ಕಣ್ರೀ" ಅಂದೆ. ನಕ್ಕುಬಿಟ್ಟ. ನೋಡಿ, ಗಿಡ ಮಾರುವಾಗ ವೈಟ್ ಟೀಕ್, ಮರ ಕೊಳ್ಳುವಾಗ ಜಂಗಲ್ ವುಡ್. ನಮ್ಮ ಕಡೆ ಶಿವನೆಗೆ ಅಂತ ನಿಂತ ಮಾರ್ಕೆಟ್ ಇಲ್ಲ, ಬೋರ್ಡ್ ನಂಬ್ಕೊಂಡು ಲಕ್ಷದ ಲೆಕ್ಕ ಹಾಕೋರು ಇದೊಂದು ಕೇಳಿಸ್ಕೊಳ್ಳಿ, ಅದೂ ಹತ್ತು ವರ್ಷದ ಮರದ ಅಳತೆ ಎಷ್ಟು ಬರುತ್ತೆ ಅಂತ ನೀವೇ ಲೆಕ್ಕ ಹಾಕಿ: ದಿಮ್ಮಿಯ ನಡುವಿನ ಸುತ್ತಳತೆನ ನಾಲ್ಕರಿಂದ ಭಾಗಿಸಿ, ಅದನ್ನ ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ. ನನ್ನ ದಿಮ್ಮಿ ನಡುವೆ ಎರಡೂಮುಕ್ಕಾಲು ಅಡಿ, ಉದ್ದ ಹನ್ನೆರಡಡಿ, ಅಂದ್ರೆ ಐದೂಮುಕ್ಕಾಲು ಘನ ಅಡಿಗೂ ಚೂರು ಕಮ್ಮಿ. ನಾಲ್ಕು ಮರದಿಂದ ಇಪ್ಪತ್ತೆರಡು ಇಪ್ಪತ್ಮೂರು. ಸಾಮಿಲ್ಲಲ್ಲಿ ಸೀಳಿದ ಮೇಲೆ ಸಿಪ್ಪೆ ಪುಡಿ ಎಲ್ಲ ಹೋಗಿ ಕೈಗೆ ಬರೋದು ಇನ್ನೂ ಕಮ್ಮಿ. ಲಕ್ಷ ಎಲ್ಲಿಂದ ಬರುತ್ತೆ?

ಮಾರ್ಲಿಲ್ಲ. ಹಲಗೆ ಮಾಡಿಸಿ ಮಾಡಿನ ಕೆಳಗೆ ಮಧ್ಯ ಮಧ್ಯ ರೀಪು ಕೊಟ್ಟು ಮೂರು ತಿಂಗಳು ಒಣಗಿಸ್ದೆ. ನಮ್ಮ ಆಚಾರ್ರು ಮೊದಲು ಮೂಗು ಮುರಿದ್ರು, "ಇಷ್ಟ್ ಎಳೇ ಮರದಲ್ಲಿ ಚೇಗು ಎಲ್ಲಿರುತ್ತೆ" ಅಂತ. ಚೇಗು ಅಂದ್ರೆ ಮರದ ನಡುವಿನ ಗಟ್ಟಿ ಭಾಗ. ಹೌದು, ಇದರಲ್ಲಿ ಚೇಗು ಯಾವುದು ಅದರ ಸುತ್ತಲಿನ ಬೆಳಮರ ಯಾವುದು ಅಂತ ಕಣ್ಣಿಗೆ ಗೊತ್ತೇ ಆಗಲ್ಲ, ಎಲ್ಲ ಒಂದೇ ಹುಲ್ಲಿನ ಬಣ್ಣ. ಹತ್ರಿ ಹಾಕಿದ ಮೇಲೆ ಅವರೇ "ಬೆಣ್ಣೆ ಇದ್ದಂಗೆ ಹೋಗ್ತದೆ ಮಾರಾಯ್ರೇ" ಅಂದ್ರು. ಮೊಳೆ ಹೊಡೆದ್ರೆ ಸೀಳಲ್ಲ. ಕೊಟ್ಟಿಗೆಗೆ ಎರಡು ಬಾಗಿಲು, ಮಗಳಿಗೆ ಓದೋ ಮೇಜು, ಹತ್ತು ಜೇನು ಪೆಟ್ಟಿಗೆ ಆಯ್ತು. ಎರಡು ಮಳೆಗಾಲ ಕಳೆದಿದೆ, ಬಾಗಿಲು ಇವತ್ತಿಗೂ ಒಂದೇ ಬೆರಳಲ್ಲಿ ತೆಗಿಬಹುದು. ಪೆಟ್ಟಿಗೆ ಹಗುರ, ತುಪ್ಪ ತೆಗೆಯುವಾಗ ಎತ್ತಿ ಇಡೋಕೆ ಸೊಂಟ ನೋಯಲ್ಲ, ಈ ವಯಸ್ಸಿಗೆ ಅದೇ ದೊಡ್ಡದು. ಒಂದು ಹಲಗೆ ಮಾತ್ರ ಮರೆತು ನೆಲದ ಮೇಲೆ ಬಿಟ್ಟಿದ್ದೆ, ಗೆದ್ದಲು ತಿಂದು ಹಾಕ್ತು. ಮಣ್ಣಿಗೆ ತಾಗೋ ಕಡೆ, ಕಂಬಕ್ಕೆ, ಬೇಲಿ ಗೂಟಕ್ಕೆ ಇದನ್ನ ಇಡ್ಬೇಡಿ. ಭಾರ ಹೊರೋ ತೊಲೆಗೂ ಬೇಡ. ಬಾಗಿಲು, ಕಿಟಕಿ ರೆಕ್ಕೆ, ಮೇಜು, ಪೆಟ್ಟಿಗೆ, ಕಪಾಟು, ಇಷ್ಟಕ್ಕೆ ಇದಕ್ಕಿಂತ ಒಳ್ಳೇದು ಈ ವಯಸ್ಸಿಗೆ ಸಿಗೋ ಮರ ನಾನು ನೋಡಿಲ್ಲ. ನಾಟಾಗೆ ನಾಲ್ಕೂವರೆ.

ಕಡಿದ ಬುಡಗಳೂ ಸತ್ತಿಲ್ಲ. ಮುಂದಿನ ಮಳೆಗೇ ಬುಡದಿಂದ ಏಳೆಂಟು ಚಿಗುರು ಬಂತು, ಒಂದೊಂದು ಉಳಿಸಿ ಉಳಿದಿದ್ದು ದನಕ್ಕೆ ಹಾಕ್ದೆ, ಆ ಉಳಿದ ಚಿಗುರು ಈಗ ಹದಿನೈದಡಿ. ಹಳೇ ಬೇರಿನ ಬಲ ಇರುತ್ತಲ್ಲ, ಹೊಸ ಗಿಡಕ್ಕಿಂತ ಜೋರು.

ಕಿರಿಕಿರಿಗಳು ಇವೆ. ಎಲ್ಲಕ್ಕಿಂತ ದೊಡ್ಡದು ಬಂದಳಿಕೆ, ಬೇರೆ ಮರದ ಕೊಂಬೆ ಮೇಲೆ ಬೇರೂರಿ ಅದರ ರಸ ಹೀರೋ ಗಿಡ. ಶಿವನೆ ಮೇಲೆ ಬಂದಳಿಕೆಗೆ ಅದೇನು ಪ್ರೀತಿಯೋ, ಪಕ್ಕದ ಮಾವಿನ ಮರದಿಂದ ಹಕ್ಕಿ ಬೀಜ ತಂದು ಉಜ್ಜಿ ಹೋಗುತ್ತೆ, ನಾಲ್ಕು ವರ್ಷ ಗಮನ ಕೊಡ್ಲಿಲ್ಲ ಅಂದ್ರೆ ಅರ್ಧ ಮರ ಬಂದಳಿಕೆದೇ. ಎಲೆ ಉದುರಿದ ಫೆಬ್ರವರಿಲಿ ಬೋಳು ಮರದ ಮೇಲೆ ಹಸಿರು ಗುಂಪು ಎದ್ದು ಕಾಣುತ್ತೆ, ಆವಾಗಲೇ ಕೊಂಬೆ ಸಮೇತ ಕಡಿಸಿ, ಬರೀ ಬಂದಳಿಕೆ ಚಿವುಟಿದ್ರೆ ಮತ್ತೆ ಬರುತ್ತೆ. ಎಲೆ ತಿನ್ನೋ ಜೀರುಂಡೆ ಒಂದು ವರ್ಷ ಬಂದು ಎಲೆಲ್ಲ ಜರಡಿ ಮಾಡಿತ್ತು, ನಾನು ಔಷಧಿ ಹೊಡೀಲಿಲ್ಲ, ಪೆಟ್ಟಿಗೆ ಇಟ್ಟೋನು ಔಷಧಿ ಹೊಡಿಯೋಕಾಗಲ್ಲ, ಮರ ತಾನೇ ಚೇತರಿಸ್ಕೊಳ್ತು. ಮೇ ತಿಂಗಳಲ್ಲಿ ಹಣ್ಣು ಬಿದ್ದು ಒಂಥರಾ ಹುಳಿ ವಾಸನೆ, ರಾತ್ರಿ ಬಾವಲಿ ಗಲಾಟೆ. ಹಣ್ಣು ಸಿಹಿ ಕಹಿ ಮಿಶ್ರ, ಮಕ್ಕಳು ಒಂದು ತಿಂದು ಎರಡನೇದು ಬಿಸಾಕ್ತಾರೆ.

ಹೊಸದಾಗಿ ಹಾಕೋರಿಗೆ, ಇಲಾಖೆ ನರ್ಸರಿಲೇ ಗಿಡ ತಗೊಂಡು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಲಿ ಹೆಸರು ಬರೆಸಿ, ಬದುಕಿರೋ ಒಂದೊಂದು ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಪ್ರೋತ್ಸಾಹಧನ ಇದೆ. ಅಂದ್ರೆ ಗಿಡಕ್ಕೆ 125. ನಾನು ಗಿಡಕ್ಕೆ 60 ಕೊಟ್ಟು ಬಂದೋನು.

ಅಥವಾ ಗಿಡಾನೇ ತಗೋಬೇಡಿ. ನಮ್ಮ ಹಳ್ಳದ ದಂಡೆ ತರ ನಿಮ್ಮೂರಲ್ಲೂ ಎಲ್ಲೋ ಒಂದು ಮರ ಇರುತ್ತೆ. ಮೇ ತಿಂಗಳಲ್ಲಿ ಹಳದಿ ಹಣ್ಣು ಆರಿಸ್ಕೊಂಡು ಬಂದು ತಿರುಳು ಉಜ್ಜಿ ತೊಳೆದು, ಗೊರಟೆನ ಒಂದು ರಾತ್ರಿ ನೀರಲ್ಲಿ ನೆನೆಸಿ ಮಣ್ಣಿಗೆ ಹಾಕಿದ್ರೆ ಎರಡು ಮೂರು ವಾರದಲ್ಲಿ ಏಳುತ್ತೆ, ಒಂದೇ ಗೊರಟೆಲಿ ಎರಡು ಸಸಿ ಬಂದ್ರೆ ಗಾಬರಿ ಆಗ್ಬೇಡಿ, ಒಳಗೆ ಒಂದಕ್ಕಿಂತ ಹೆಚ್ಚು ಬೀಜ ಇರುತ್ತೆ. ಹೋದ ವರ್ಷದ ಬೀಜಕ್ಕಿಂತ ಆ ವರ್ಷದ್ದೇ ಒಳ್ಳೇದು. ಈ ಸಲ ನಮ್ಮ ಬಚ್ಚಲ ಹಿಂದೆ ಎಪ್ಪತ್ತು ಸಸಿ ಎದ್ದಿವೆ. ಐವತ್ತು ಬ್ಯಾಣದ ಕೆಳಗಿನ ಭಾಗಕ್ಕೆ, ಜಂಬಿಟ್ಟಿಗೆ ಕಡೆ ಒಂದೂ ಇಲ್ಲ. ಇಪ್ಪತ್ತು ಭಾವ ಕೇಳಿದಾನೆ, ಶಿಕಾರಿಪುರದ ಕಡೆ ಅವನ ಜಮೀನು, ಮೊನ್ನೆ ಫೋನಲ್ಲಿ ಅರ್ಧ ಗಂಟೆ ಈ ಕತೆ ಎಲ್ಲ ಹೇಳ್ದೆ, ಎಲ್ಲ ಕೇಳಿಸ್ಕೊಂಡ, ಕೊನೆಗೆ "ಆಯ್ತು ಭಾವ, ಆ ವೈಟ್ ಟೀಕ್ ಗಿಡ ತಗೊಂಡು ಹೋಗೋಕೆ ಭಾನುವಾರ ಬರ್ತೀನಿ" ಅಂತ ಇಟ್ಟ.